ನೂರಕ್ಕ ಮೂರೂವರಿ

ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮಾತಲ್ಲ, ರೊಕ್ಕದ ಮಾತು. ನಮ್ಮ ಓಣ್ಯಾಗ ಇಬ್ಬರು, ಬೀಗರ ಪೈಕಿ ಒಬ್ಬರು ಮೆಲ್ಲಕ ಕೇಳಿದ್ರು, "ವೈನಿ, ಕಾರ್ಡಿನ ಬಾಕಿ ನೀವು ಹೆಂಗ ತೀರಿಸಿದ್ರಿ?" ಅಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಎಲ್ಲಾರಿಗೂ ಕೂಡೇ ಬರದು ಬಿಡೋದು ಚಲೋ ಅನಿಸಿತು. ನಮ್ಮ ಮನೆಯವ್ರನ್ನ ಕೇಳೇ ಬರಿಯಾಕತ್ತೀನಿ. "ಬರಿ, ಯಾರಿಗರ ಉಪಯೋಗ ಆದ್ರ ಆಗಲಿ" ಅಂದಾರ.

ನಮ್ಮ ಕಡೆ ಹೆಣ್ಮಕ್ಕಳಿಗೆ ಬಡ್ಡಿ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಭೀಶಿ ನಡಸ್ತೀವಿ, ಸಂಘದ ಪುಸ್ತಕ ಬರೀತೀವಿ, ಕಿರಾಣಿ ಅಂಗಡಿ ಉದ್ರಿ ತಿಂಗಳಾ ತಿಂಗಳಾ ಚುಕ್ತಾ ಮಾಡ್ತೀವಿ. ಸಾವಕಾರ "ನೂರಕ್ಕ ಮೂರು" ಅಂದ್ರ ಸಾಕು, ನಮ್ಮ ಎದಿ ಝಲ್ ಅಂತೈತಿ. ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ, ವರ್ಷಕ್ಕ ಮೂವತ್ತಾರು. ನಮ್ಮ ಅವ್ವ ಹೇಳ್ತಿದ್ಲು, "ಆ ಬಡ್ಡಿಗೆ ರೊಕ್ಕ ತಂದ ಮನ್ಯಾಗ ಗಂಗಾಳ ಚರಗಿನೂ ಉಳಿಯಂಗಿಲ್ಲ" ಅಂತ. ಆ ಬಡ್ಡಿಗೆ ಸಾಲ ತಂದೀವಿ ಅಂತ ಹೇಳಾಕ ಜನ ನಾಚ್ತಿದ್ರು.

ಈಗ ಕ್ರೆಡಿಟ್ ಕಾರ್ಡಿನ ಬಿಲ್ಲು ತಗದು ನೋಡ್ರಿ. ಕೆಳಗ ಸಣ್ಣ ಅಕ್ಷರದಾಗ ಬಡ್ಡಿ ಬರದಿರ್ತಾರ. ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ರಿಂದ 3.75ರ ತನಕ. ನಮ್ಮ ಕಾರ್ಡಿಂದು 3.5 ಇತ್ತು. ಅಂದ್ರ ನೂರಕ್ಕ ಮೂರೂವರಿ, ವರ್ಷಕ್ಕ ನಲವತ್ತೆರಡು. ಆ ಬಡ್ಡಿ ಮ್ಯಾಲೆ ಮತ್ತ ಶೇಕಡಾ 18 ಜಿಎಸ್‌ಟಿ. ಸಾವಕಾರ ಜಿಎಸ್‌ಟಿ ಹಾಕತಿದ್ದಿಲ್ಲ ನೋಡ್ರಿ! ಸಾವಕಾರನ ಬಡ್ಡಿಗೆ ಅಂಜೋ ನಾವು ಕಾರ್ಡಿನ ಬಡ್ಡಿಗೆ ಯಾಕ ಅಂಜಂಗಿಲ್ಲ ಅಂದ್ರ, ಅದು ಇಂಗ್ಲಿಷಿನ್ಯಾಗ ಇರ್ತೈತಿ, ಗಂಡಸರ ಫೋನಿನ್ಯಾಗ ಬರ್ತೈತಿ, ನಮ್ಮ ಕಣ್ಣಿಗೆ ಬೀಳಂಗಿಲ್ಲ.

ಕಾರ್ಡು ಅಂದ್ರ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ. ಬಿಲ್ಲು ಬಂದ ಮ್ಯಾಲೆ ಹೇಳಿದ ತಾರೀಖಿನೊಳಗ ಪೂರ್ತಿ ರೊಕ್ಕ ಕಟ್ಟಿಬಿಟ್ರ ಒಂದು ಪೈಸಾ ಬಡ್ಡಿ ಇಲ್ಲ. ಆದ್ರ ಪೂರ್ತಿ ಕಟ್ಟದ ಒಂದಿಷ್ಟು ಬಾಕಿ ಉಳಿಸಿದ್ರ ಆ ಸವಲತ್ತು ಹೋಗ್ತೈತಿ. ಹಳೇ ಬಾಕಿಗೂ ಬಡ್ಡಿ, ಇವತ್ತು ತಂದ ಗುಳಿಗಿಗೂ ಇವತ್ತಿಂದನ ಬಡ್ಡಿ. ಕಾರ್ಡು ಹಾಕಿ ಎಟಿಎಂನಿಂದ ರೊಕ್ಕ ತಗದ್ರಂತೂ ಮೊದಲನೇ ದಿನದಿಂದನ ಬಡ್ಡಿ, ಮ್ಯಾಲೆ ಶುಲ್ಕ ಬ್ಯಾರೆ.

ನಮ್ಮ ಮನಿ ಕಥಿ ಹಿಂಗ ಆತು. ಶ್ರಾವಣ ಮಾಸದಾಗ ನಮ್ಮ ಅತ್ತಿಯವ್ರು ಬಚ್ಚಲದಾಗ ಜಾರಿ ಬಿದ್ರು. ಎಪ್ಪತ್ತಾರು ವಯಸ್ಸು, ಚಪ್ಪಿ ಎಲುಬು ಮುರೀತು. ಹುಬ್ಬಳ್ಳಿ ದವಾಖಾನ್ಯಾಗ ಆಪರೇಶನ್ ಆತು. ಕೂಡಿಟ್ಟ ರೊಕ್ಕ ಹಾಕಿದ್ವಿ, ಮೈದುನ ಒಂದಿಷ್ಟು ಕೊಟ್ಟ. ಕಡಿಮಿ ಬಿದ್ದ ₹78,000 ನಮ್ಮ ಮನೆಯವ್ರು ಕಾರ್ಡು ಉಜ್ಜಿ ಕಟ್ಟಿದ್ರು. ಆ ಹೊತ್ತಿನ್ಯಾಗ ಅದು ಸರಿನ. ಅತ್ತಿಯವ್ರು ಸ್ಟ್ರೆಚರ್ ಮ್ಯಾಲೆ ಇದ್ದಾಗ ಯಾರು ಬಡ್ಡಿ ಲೆಕ್ಕ ಹಾಕ್ತಾರ?

ಇವ್ರದು ಮೋಟರ್ ವೈಂಡಿಂಗ್ ಅಂಗಡಿ. ಬ್ಯಾಸಗ್ಯಾಗ ಬೋರವೆಲ್ ಮೋಟರ್ ಸುಟ್ಟು ಬರ್ತಾವ, ಕೈತುಂಬ ಕೆಲಸ. ಮಳಿಗಾಲದಾಗ ಅಂಗಡಿ ಬಾಗಿಲಾ ತಗದು ನೊಣ ಹೊಡಿಯೋದು. ಕಾರ್ಡಿನ ಬಿಲ್ಲಿನ್ಯಾಗ ಎರಡು ಮೊತ್ತ ಇರ್ತಾವ. ಒಂದು ಪೂರ್ತಿ ಬಾಕಿ, ಇನ್ನೊಂದು ಮಿನಿಮಮ್, ಅಂದ್ರ ಇಷ್ಟು ಕಟ್ಟಿದ್ರ ಈ ತಿಂಗಳು ಯಾರೂ ಕೇಳಂಗಿಲ್ಲ ಅನ್ನೋ ಮೊತ್ತ. ಇವ್ರು ಹತ್ತು ತಿಂಗಳು ಮಿನಿಮಮ್ ಕಟ್ಟಿಕೊಂತ ಬಂದ್ರು. ತಿಂಗಳಿಗೆ ನಾಲ್ಕು ಸಾವಿರದ ಆಜುಬಾಜು. ನಡುವ ಅತ್ತಿಯವ್ರ ಔಷಧ, ಗಾಡಿ ಪೆಟ್ರೋಲು ಅಂತ ತಿಂಗಳಿಗೆ ಸಾವಿರ, ಸಾವಿರದ ಮುನ್ನೂರು ಮತ್ತ ಅದ ಕಾರ್ಡಿಗೆ. ಹತ್ತು ತಿಂಗಳು ಆದ ಮ್ಯಾಲೆ ಬಾಕಿ ಎಷ್ಟಿತ್ತು ಗೊತ್ತೇನ್ರಿ? ₹84,000. ನಲವತ್ತು ಸಾವಿರ ಕಟ್ಟಿದ್ರೂ ತಂದದ್ದಕ್ಕಿಂತ ಹೆಚ್ಚು ನಿಂತಿತ್ತು.

ಆಮ್ಯಾಲೆ ಮಳಿಗಾಲ ಬಂತು. ಎರಡು ತಿಂಗಳು ಮಿನಿಮಮ್ಮೂ ಕಟ್ಟಾಕ ಆಗಲಿಲ್ಲ. ತಡ ಆದದ್ದಕ್ಕ ದಂಡ, ಬಡ್ಡಿ, ಜಿಎಸ್‌ಟಿ ಎಲ್ಲಾ ಕೂಡಿ ₹93,000 ಆತು. ಇಷ್ಟಾದ್ರೂ ಮನ್ಯಾಗ ಒಂದು ಮಾತಿಲ್ಲ. ಊಟ ಕಡಿಮಿ ಮಾಡಿದ್ರು, ಫೋನ್ ಬಂದ್ರ ಹೊರಗ ಹೋಗ್ತಿದ್ರು. ನಾ ಬಿಪಿ ಇರಬೇಕು ಅನ್ಕೊಂಡು ತೋರಿಸಿಕೊಳ್ರಿ ಅಂತ ಹೇಳ್ತಿದ್ದೆ.

ನನಗ ಗೊತ್ತಾದದ್ದು ನೆಗೆಣ್ಣಿಯಿಂದ. ರಾತ್ರಿ ಎಂಟೂವರಿಗೆ ಫೋನ್ ಮಾಡಿದ್ಲು. "ಅಕ್ಕಾ, ಯಾರೋ ವಸೂಲಿಯವ ಇವ್ರಿಗೆ ಫೋನ್ ಹಚ್ಚಿ, ನಿಮ್ಮ ಅಣ್ಣ ಸಾಲ ಕಟ್ಟವಲ್ಲ, ಮನಿತನದ ಮರ್ಯಾದಿ ಉಳಿಸಿಕೊಳ್ರಿ ಅಂತ ಜೋರ್ ಮಾಡಿದ" ಅಂದ್ಲು. ಮೈದುನಗೂ ಆ ಕಾರ್ಡಿಗೂ ಏನೂ ಸಂಬಂಧ ಇದ್ದಿಲ್ಲ. ಯಾವ ಬ್ಯಾಂಕು ಅಂತ ಇಲ್ಲಿ ಬರಿಯಂಗಿಲ್ಲ, ಅದು ನಿಮಗ ಬೇಕೂ ಇಲ್ಲ.

ಇವ್ರನ್ನ ಕೇಳಿದೆ. ಭಾಳ ಹೊತ್ತು ಸುಮ್ಮನ ಕುಂತ್ರು. ಆಮ್ಯಾಲೆ ಅಂದ್ರು, "ಅವ್ವನ ಕಾಲಿಂದ ಮನೀಗೆ ಸಾಲ ಆತು ಅಂತ ಅವ್ವಗ ಗೊತ್ತಾಗಬಾರದು ಅಂತ ಸುಮ್ಮನಿದ್ದೆ. ನಿನಗ ಹೇಳಿದ್ರ ನೀನು ಬಂಗಾರ ಬಿಚ್ಚಿ ಇಡ್ತಿದ್ದಿ." ಅಷ್ಟು ಕೇಳಿದ ಮ್ಯಾಲೆ ನನಗ ಬೈಯಾಕ ಬಾಯಿ ಬರಲಿಲ್ಲ. ಆದ್ರ ಒಂದು ಮಾತು ನಿಮಗ ಹೇಳ್ತೀನಿ. ಮನ್ಯಾಗ ಗಂಡಸರು ಸಾಲ ಮುಚ್ಚಿಡೋದು ಯಾವಾಗಲೂ ಕೆಟ್ಟ ಚಟಕ್ಕ ಅಂತಿಲ್ಲ. ಪ್ರೀತಿಗೂ ಮುಚ್ಚಿಡ್ತಾರ, ಮರ್ಯಾದಿಗೂ ಮುಚ್ಚಿಡ್ತಾರ. ಬಡ್ಡಿಗೆ ಮಾತ್ರ ಆ ಫರಕು ತಿಳಿಯಂಗಿಲ್ಲ. ಅದು ಬೆಳಕೊಂತನ ಹೋಗ್ತೈತಿ.

ಮರುದಿನ ಮುಂಜಾನೆ ಚಹಾ ಕುಡಿದು, ಮಗಳ ಹಳೇ ನೋಟಬುಕ್ಕಿನ ಹಿಂದಿನ ಹಾಳಿ ಮ್ಯಾಲೆ ಲೆಕ್ಕ ಹಾಕಿದ್ವಿ. ಮಗಳು ಆಗ ಪಿಯುಸಿ ಎರಡನೇ ವರ್ಷ. ಅಕಿನ ಕ್ಯಾಲ್ಕ್ಯುಲೇಟರ್ ಹಿಡಿದ್ಲು. ₹84,000ಕ್ಕ ತಿಂಗಳಿಗೆ 3.5ರ ಹಂಗ ಬಡ್ಡಿ ₹2,940. ಅದರ ಮ್ಯಾಲೆ 18ರ ಹಂಗ ಜಿಎಸ್‌ಟಿ ₹529. ಎರಡೂ ಕೂಡಿ ₹3,469. ನಮ್ಮ ಮಿನಿಮಮ್ ಬಾಕಿಯ ಶೇಕಡಾ 5, ಅಂದ್ರ ₹4,200. ಅದರಾಗ ಅಸಲಿಗೆ ಮುಟ್ಟಿದ್ದು ಬರೇ ₹731. ಮಗಳು ಎರಡು ಸಲ ಒತ್ತಿ ನೋಡಿದ್ಲು, ಅಷ್ಟ ಬಂತು. "ಅಪ್ಪಾ, ನೀ ಕಟ್ಟಿದ್ದು ಸಾಲ ಅಲ್ಲ, ಬಾಡಿಗಿ" ಅಂದ್ಲು.

ಬರೇ ಮಿನಿಮಮ್ ಕಟ್ಟಿಕೊಂತ ಹೋದ್ರ ಸಾಲ ತೀರಾಕ ತಿಂಗಳು, ವರ್ಷಗಟ್ಟಲೆ ಹಿಡೀತೈತಿ, ಬಡ್ಡಿ ಮ್ಯಾಲೆ ಬಡ್ಡಿ ಬೀಳ್ತೈತಿ ಅಂತ ಎಲ್ಲಾ ಬಿಲ್ಲಿನ ಮ್ಯಾಲೂ ಎಚ್ಚರಿಕಿ ಬರೀಬೇಕು ಅಂತ ರಿಸರ್ವ್ ಬ್ಯಾಂಕು 2022ರ ಕಾರ್ಡಿನ ನಿಯಮದಾಗ ಹೇಳೈತಿ. ಬ್ಯಾಂಕಿನವ್ರು ಬರದಿರ್ತಾರ. ಓದವ್ರು ನಾವು ಇರಬೇಕು, ಅಷ್ಟ.

ಆ ಹಾಳಿ ಮ್ಯಾಲೆ ಮನಿ ಸಾಲ ಎಲ್ಲಾ ಬರದ್ವಿ. ಕಾರ್ಡು ₹93,000. ಸಂಘದ ಸಾಲ ₹12,000 ಉಳಿದಿತ್ತು. ಕಿರಾಣಿ ಉದ್ರಿ ₹3,400. ಮೈದುನ ಕೊಟ್ಟದ್ದು. ಒಂದೊಂದರ ಮುಂದ ಬಡ್ಡಿ ಎಷ್ಟು, ತಪ್ಪಿದ್ರ ಏನಾಗ್ತೈತಿ ಅಂತನೂ ಬರದ್ವಿ. ಬಡ್ಡಿ ಹೆಚ್ಚಿದ್ದದ್ದನ್ನ ಮೊದಲ ತೀರಿಸಬೇಕು, ಖರೆ. ಆದ್ರ ಸಂಘದ ಕಂತು ತಪ್ಪಿಸೋ ಹಂಗಿದ್ದಿಲ್ಲ. ನಾ ಕಟ್ಟದಿದ್ರ ಉಳಿದ ಹೆಣ್ಮಕ್ಕಳು ತಮ್ಮ ಗಂಟಿನಿಂದ ಹಾಕಬೇಕಾಗ್ತಿತ್ತು. ಅತ್ತಿಯವ್ರ ಗುಳಿಗಿ, ಮನಿ ಬಾಡಿಗಿ, ಕರೆಂಟು, ಮಗಳ ಫೀ ಇವನ್ನ ಮುಟ್ಟಬಾರದು ಅಂತ ಮ್ಯಾಲೆ ಬರದು ಗೆರಿ ಹೊಡದ್ವಿ. ಅದರ ಕೆಳಗ ಕಾರ್ಡು.

ಮೊದಲನೇ ಕೆಲಸ, ಕಾರ್ಡು ಬಂದ್ ಮಾಡಿದ್ದು. ತಿಜೋರ್ಯಾಗ ಇಟ್ಟು ಕೀಲಿ ನನ್ನ ಹತ್ತಿರ ಇಟ್ಕೊಂಡೆ. ಬರೇ ಕಾರ್ಡು ಇಟ್ರ ಸಾಲಂಗಿಲ್ಲ, ನೆನಪಿರಲಿ. ಫೋನ್ ರಿಚಾರ್ಜು, ಸಿನಿಮಾ ನೋಡೋ ಆ್ಯಪಿನ ಚಂದಾ ತಾನ ಆ ಕಾರ್ಡಿನಿಂದ ಕಟ್ ಆಗ್ತಿದ್ವು. ಮಗಳು ಒಂದೊಂದಾಗಿ ತಗದು ಹಾಕಿದ್ಲು.

ಎರಡನೇ ಕೆಲಸ, ಅವ್ರು ಫೋನ್ ಮಾಡೋಕಿಂತ ಮೊದಲ ನಾವ ಬ್ಯಾಂಕಿಗೆ ಫೋನ್ ಮಾಡಿದ್ದು. ಇದು ದೊಡ್ಡ ಮಾತು ಅಕ್ಕಾರ. ಕಾರ್ಡಿನ ಮಿನಿಮಮ್ ಮೊತ್ತ ಕಟ್ಟೋ ತಾರೀಖು ದಾಟಿ 90 ದಿನ ಆದ್ರೂ ಪೂರ್ತಿ ಬರದಿದ್ರ ಬ್ಯಾಂಕು ಅದನ್ನ ಮುಳುಗೋ ಸಾಲದ ಲೆಕ್ಕಕ್ಕ ಹಾಕ್ತೈತಿ. ಎನ್‌ಪಿಎ ಅಂತಾರ. ನಾವು ಅರವತ್ತು ದಿನ ದಾಟಿದ್ವಿ. ಇನ್ನ ತಿಂಗಳೊಪ್ಪತ್ತಿನೊಳಗ ಏನರ ಮಾಡಬೇಕಿತ್ತು. ಕಾರ್ಡಿನ ಹಿಂದಿರೋ ನಂಬರಿಗೆ ಇವ್ರು ಫೋನ್ ಹಚ್ಚಿದ್ರು, ನಾ ಬಾಜೂಕ ಕುಂತಿದ್ದೆ. ಬಂದ ಫೋನಿನ್ಯಾಗ ಮಾತಾಡಬ್ಯಾಡ್ರಿ, ಅವ ಬ್ಯಾಂಕಿನವನೋ ಮೋಸಗಾರನೋ ಯಾರಿಗೆ ಗೊತ್ತು? "ದವಾಖಾನಿ ಖರ್ಚಿಂದ ಹಿಂಗಾಗೈತಿ, ನಮಗ ಕಟ್ಟೋ ಮನಸು ಐತಿ, ತಿಂಗಳಿಗೆ ಇಷ್ಟು ಕಟ್ಟಾಕ ಆಗ್ತೈತಿ, ಕಂತು ಮಾಡಿಕೊಡ್ರಿ" ಅಂತ ಹೇಳಿದ್ರು. ಮೊದಲು ತಪ್ಪಿದ ಬಾಕಿ ಕಟ್ರಿ, ಆಮ್ಯಾಲೆ ಉಳಿದದ್ದಕ್ಕ ಇಎಂಐ ಮಾಡ್ತೀವಿ ಅಂದ್ರು. ಬಡ್ಡಿ ವರ್ಷಕ್ಕ 18. ನಲವತ್ತೆರಡು ಎಲ್ಲಿ, ಹದಿನೆಂಟು ಎಲ್ಲಿ! ಮಾತಾಡಿದ ತಾರೀಖು, ದೂರಿನ ನಂಬರು ಹಾಳಿ ಮ್ಯಾಲೆ ಬರಕೊಂಡು, ಅದನ್ನ ಇಮೇಲಿನ್ಯಾಗೂ ಕಳಿಸಿ ಅಂತ ಕೇಳಿದ್ವಿ.

ತಪ್ಪಿದ ಬಾಕಿ ಕಟ್ಟಾಕ ರೊಕ್ಕ ಎಲ್ಲಿಂದ? ನಾ ನನ್ನ ಬಿಲ್ವಾರ ಬಿಚ್ಚಾಕತ್ತಿದ್ದೆ. ಒಳಗ ಮಂಚದ ಮ್ಯಾಲಿದ್ದ ಅತ್ತಿಯವ್ರಿಗೆ ಎಲ್ಲಾ ಕೇಳಿಸಿತ್ತು. ವಾಕರ್ ಹಿಡಕೊಂಡು ಹೊರಗ ಬಂದು, ಸೆರಗಿನ ಗಂಟು ಬಿಚ್ಚಿ ತಮ್ಮ ಬೋರಮಾಳ ನನ್ನ ಕೈಯಾಗ ಇಟ್ರು. "ಕಾಲು ನಂದು, ಬಂಗಾರನೂ ನಂದ ಹೋಗ್ಲಿ" ಅಂದ್ರು. ಇವ್ರು ಎದ್ದು ಹಿತ್ತಲಕ್ಕ ಹೋದ್ರು.

ಬ್ಯಾಂಕಿನ್ಯಾಗ ಬಂಗಾರ ತೂಕ ಮಾಡಿದ್ರು. ಬೋರಮಾಳದ ಗುಂಡಿನೊಳಗ ಅರಗು ತುಂಬಿರ್ತೈತಿ, ಅದನ್ನ ಕಳದು ಹಿಡಿದ್ರು. ಹಂಗಾಗಿ ನನ್ನ ಬಿಲ್ವಾರ ಎರಡೂ ಕೂಡಿಸಬೇಕಾತು. ₹50,000 ಬಂತು. ಬಡ್ಡಿ ವರ್ಷಕ್ಕ ಹತ್ತರ ಹತ್ತಿರ. ಲೆಕ್ಕ ನೋಡ್ರಿ. ಆ ಐವತ್ತು ಸಾವಿರ ಕಾರ್ಡಿನ್ಯಾಗ ಇದ್ರ ತಿಂಗಳಿಗೆ ಬಡ್ಡಿ, ಜಿಎಸ್‌ಟಿ ಕೂಡಿ ₹2,065. ಬಂಗಾರದ ಮ್ಯಾಲಿದ್ರ ₹417. ಬಂಗಾರ ಇಡೋದು ಅಂದ್ರ ಹೊಟ್ಯಾಗ ಕೆಂಡ ಇಟ್ಟಂಗ ಆಗ್ತೈತಿ, ನನಗ ಗೊತ್ತು. ಆದ್ರ ನೂರಕ್ಕ ಮೂರೂವರಿ ಸಾಲ ಹೊತ್ತುಕೊಂಡು ಕೊಳ್ಳಾಗ ಬಂಗಾರ ಹಾಕ್ಕೊಂಡು ತಿರಗೋದು ನಷ್ಟದ ಮಾತು. ಒಂದ ಮಾತು, ಬಂಗಾರದ ಸಾಲನೂ ಸಾಲನ. ತಪ್ಪಿದ್ರ ಹರಾಜು ಹಾಕ್ತಾರ. ತೀರಿಸೋ ದಾರಿ ಹಾಳಿ ಮ್ಯಾಲೆ ಬರಕೊಂಡ ಮ್ಯಾಲೆನ ಇಡ್ರಿ.

ಐವತ್ತು ಸಾವಿರ ಕಾರ್ಡಿಗೆ ಕಟ್ಟಿದ್ವಿ. ಉಳಿದ ₹43,000ಕ್ಕ 12 ತಿಂಗಳ ಕಂತು ಮಾಡಿಸಿದ್ವಿ. ತಿಂಗಳಿಗೆ ₹3,942. ಅದರ ಬಡ್ಡಿ ಪಾಲಿನ ಮ್ಯಾಲೆ ಜಿಎಸ್‌ಟಿ ಸೇರಿ ಮೊದಲನೇ ತಿಂಗಳು ₹4,058 ಬಂತು. ಮಾಡಿಸೋ ಶುಲ್ಕ ಅಂತ ಒಂದಿಷ್ಟು ಬ್ಯಾರೆ. ಬಂಗಾರದ ಬಡ್ಡಿ ಕೂಡಿಸಿದ್ರ ತಿಂಗಳಿಗೆ ನಾಲ್ಕೂವರಿ ಸಾವಿರ. ಅಂದ್ರ ಹತ್ತು ತಿಂಗಳು ನೀರಾಗ ಹಾಕಿದ ಮಿನಿಮಮ್ಮಿಗಿಂತ ಬರೇ ಮುನ್ನೂರು ರೂಪಾಯಿ ಹೆಚ್ಚು. ಅಷ್ಟ ರೊಕ್ಕ, ಆದ್ರ ಈಗ ಸಾಲ ತೀರಾಕತ್ತಿತ್ತು.

ಆ ನಾಲ್ಕೂವರಿ ಸಾವಿರ ಹೊಂದಿಸಾಕ ಎರಡು ದಾರಿ ಮಾಡಿದ್ವಿ. ಅಂಗಡಿ ವಹಿ ತಗದು ನೋಡಿದ್ರ ಗಿರಾಕಿಗಳಿಂದನ ಹತ್ತೊಂಬತ್ತು ಸಾವಿರ ಬರೋದಿತ್ತು. ಬ್ಯಾಂಕಿನವ್ರು ಇವ್ರಿಗೆ ದಿನಕ್ಕ ಆರು ಸಲ ಫೋನ್ ಮಾಡ್ತಾರ, ಇವ್ರು ಗಿರಾಕಿಗೆ ಒಂದು ಸಲ ಮಾಡಂಗಿಲ್ಲ! ವಹಿ ಹಿಡಕೊಂಡು ನಾನ ಫೋನ್ ಹಚ್ಚಿ ಕೊಟ್ಟೆ, ಇವ್ರು ಮಾತಾಡಿದ್ರು. ಹನ್ನೊಂದು ಸಾವಿರ ಬಂತು. ಎರಡನೇದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಆರ್ಡರ್ ಹಿಡಿದೆ. ತಿಂಗಳಿಗೆ ಸಾವಿರದ ಐದುನೂರು ಉಳೀತು. ನಿಮ್ಮಾಗ ಭಾಳ ಮಂದಿ ತಗೊಂಡೀರಿ, ಆ ರೊಟ್ಟಿ ಎಲ್ಲಿ ಹೋತು ಅಂತ ಈಗ ಗೊತ್ತಾತು ನೋಡ್ರಿ.

ನಡುವ ಬುದ್ಧಿ ಹೇಳವ್ರು ಕಡಿಮಿ ಇದ್ದಿಲ್ಲ. ಒಬ್ಬರಂದ್ರು, ಇನ್ನೊಂದು ಕಾರ್ಡು ತಗೊಂಡು ಈ ಕಾರ್ಡು ತೀರಿಸ್ರಿ ಅಂತ. ಒಬ್ಬರು ಫೋನಿನ ಆ್ಯಪಿನ್ಯಾಗ ಐದು ನಿಮಿಷದಾಗ ಸಾಲ ಸಿಗ್ತೈತಿ ಅಂದ್ರು. ಯಾರು ಕೊಡ್ತಾರ, ಎಷ್ಟು ಬಡ್ಡಿ ಅನ್ನೋದು ಗೊತ್ತಿಲ್ಲದ ಸಾಲಕ್ಕ ನಮ್ಮ ಫೋನಿನ್ಯಾಗಿನ ಫೋಟೋ, ಎಲ್ಲಾರ ನಂಬರು ಕೊಟ್ಟು ಬರ್ತೀವಿ. ಅದರ ತಂಟೇನ ಬ್ಯಾಡ.

ಮೂರನೇ ಬುದ್ಧಿ ಭಾಳ ಸಿಹಿಯಾಗಿತ್ತು. "ಆರು ತಿಂಗಳು ಸುಮ್ಮನ ಕಟ್ಟಬ್ಯಾಡ್ರಿ, ಆಮ್ಯಾಲೆ ಅವ್ರ ಬಂದು ಅರ್ಧಕ್ಕ ಸೆಟ್ಲ್‌ಮೆಂಟ್ ಮಾಡ್ತಾರ" ಅಂತ. ಇವ್ರ ಮನಸ್ಸು ಅತ್ಲಾಗ ವಾಲಿತ್ತು. ನಾ ಒಪ್ಪಲಿಲ್ಲ. ಯಾಕಂದ್ರ ನಮ್ಮ ಸಾಲದ ನಡತಿ ಎಲ್ಲಾ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅನ್ನೋ ನಾಲ್ಕು ಕಂಪನಿಗಳ ಹತ್ತಿರ ದಾಖಲಾಗಿರ್ತೈತಿ. ಸಿಬಿಲ್ ಅಂಕ 300ರಿಂದ 900. ಪೂರ್ತಿ ತೀರಿಸಿದ್ರ ಅಲ್ಲಿ ಮುಗೀತು ಅಂತ ಬರೀತಾರ. ಅರ್ಧಕ್ಕ ಮುಗಿಸಿದ್ರ ಸೆಟಲ್ಡ್ ಅಂತ ಬರೀತಾರ, ಅಂದ್ರ ಇವ್ರು ಪೂರ್ತಿ ಕೊಡಲಿಲ್ಲ ಅಂತ ಅರ್ಥ. ಮುಂದ ಸಾಲ ಕೊಡೋ ಬ್ಯಾಂಕು ಅದನ್ನ ನೋಡ್ತೈತಿ. ನಮ್ಮ ಮಗಳಿಗೆ ಮುಂದಿನ ವರ್ಷ ಇಂಜಿನಿಯರಿಂಗಿಗೆ ಶಿಕ್ಷಣ ಸಾಲ ಬೇಕಿತ್ತು. ಅದಕ್ಕ ಅಪ್ಪ ಸಹಿ ಮಾಡಬೇಕು. ಅಪ್ಪನ ದಾಖಲಿ ಕೆಟ್ಟಿದ್ರ ಮಗಳ ಸಾಲಕ್ಕ ಅಡ್ಡ ಬರ್ತೈತಿ. ಅರ್ಧ ರೊಕ್ಕ ಉಳಿಸಾಕ ಹೋಗಿ ಅಕಿ ಓದು ಒತ್ತಿ ಇಡಬೇಕಾಗ್ತಿತ್ತು. ಖರೇನ ಏನೂ ದಾರಿ ಇಲ್ಲದವ್ರು ಸೆಟ್ಲ್‌ಮೆಂಟ್ ಮಾಡಿಕೊಂಡ್ರ ನಾ ತಪ್ಪು ಅನ್ನಂಗಿಲ್ಲ. ಆದ್ರ ಬಾಯಿ ಮಾತಿಗೆ ರೊಕ್ಕ ಕಟ್ಟಬ್ಯಾಡ್ರಿ, ಬ್ಯಾಂಕಿನ ಪತ್ರ ಕೈಗೆ ಬಂದ ಮ್ಯಾಲೆನ ಕಟ್ರಿ.

ಇನ್ನ ಅಂಜಿಕಿ ಮಾತು. ಅತ್ತಿಯವ್ರು ಎರಡು ದಿನ ನಿದ್ದಿ ಮಾಡಲಿಲ್ಲ, ಪೊಲೀಸರು ಬಂದು ಮಗನ್ನ ಹಿಡಕೊಂಡು ಹೋಗ್ತಾರ ಅಂತ. ರೊಕ್ಕ ಇಲ್ಲದ ಕಾರ್ಡಿನ ಬಾಕಿ ತಪ್ಪಿದ್ರ ಅದೊಂದಕ್ಕ ಜೈಲಿಗೆ ಹಾಕಂಗಿಲ್ಲ. ಅದು ದಿವಾಣಿ ವ್ಯವಹಾರ, ಬ್ಯಾಂಕು ದಾವೆ ಹಾಕಬಹುದು, ಅಷ್ಟ. ಕೋರ್ಟಿನ ನೋಟಿಸು ಬಂದ್ರ ಮಾತ್ರ ಉತ್ತರ ಕೊಡದ ಸುಮ್ಮನ ಇರಬ್ಯಾಡ್ರಿ. ಇನ್ನೊಂದು, ಖಾತ್ಯಾಗ ರೊಕ್ಕ ಇಲ್ಲದ ಚೆಕ್ ಕೊಡಬ್ಯಾಡ್ರಿ. ಚೆಕ್ ವಾಪಸ್ ಬಂದ್ರ ಅದು ಅಪರಾಧ. ತಿಂಗಳಾ ತಾನ ಕಟ್ ಆಗೋ ಒಪ್ಪಿಗಿ ಕೊಟ್ಟು ಅದು ವಾಪಸ್ ಆದ್ರೂ ಹಂಗ. ವಸೂಲಿಯವ ಒತ್ತಾಯ ಮಾಡಿದ ಅಂತ ಚೆಕ್ ಬರದು ಕೊಟ್ಟು, ಸಣ್ಣ ತ್ರಾಸನ್ನ ದೊಡ್ಡದು ಮಾಡಿಕೊಳ್ಳೋದು ಬ್ಯಾಡ.

ವಸೂಲಿಯವ್ರಿಗೂ ನಿಯಮ ಅದಾವ. ಮುಂಜಾನೆ 8ರ ಮೊದಲು, ಸಂಜಿ 7ರ ಮ್ಯಾಲೆ ಬಾಕಿ ಕೇಳಿ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಾಗ ಹೇಳೈತಿ. ಬೈಯಬಾರದು, ಬೆದರಿಸಬಾರದು, ಮನಿ ಮಂದಿ, ಗೆಳೆಯರ ಮುಂದ ಮಾನ ಕಳಿಯಬಾರದು. ನಮ್ಮ ಮೈದುನಗ ರಾತ್ರಿ ಫೋನ್ ಬಂದದ್ದನ್ನ ತಾರೀಖು, ಹೊತ್ತು, ನಂಬರು ಸಮೇತ ಬರದು ಬ್ಯಾಂಕಿಗೆ ಇಮೇಲ್ ಕಳಿಸಿದ್ವಿ. ಮಗಳು ಟೈಪ್ ಮಾಡಿದ್ಲು, ನಾ ಹೇಳಿದೆ. "ನಾವು ಕಟ್ಟಾಕ ತಯಾರ ಅದೀವಿ, ಕಂತು ಕೇಳೀವಿ, ಆದ್ರ ಸಂಬಂಧ ಇಲ್ಲದವ್ರಿಗೆ ಫೋನ್ ಮಾಡಬ್ಯಾಡ್ರಿ" ಅಂತ. ಆಮ್ಯಾಲೆ ಮೈದುನಗ ಫೋನ್ ಬರಲಿಲ್ಲ. ಬ್ಯಾಂಕು 30 ದಿನದಾಗ ಉತ್ತರ ಕೊಡದಿದ್ರ ಅಥವಾ ಉತ್ತರ ಸರಿ ಅನಿಸದಿದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ರೊಕ್ಕ ಬೀಳಂಗಿಲ್ಲ. ಕೇಳಾಕ 14448 ಅನ್ನೋ ನಂಬರು ಐತಿ.

ಇನ್ನೊಂದು ಸಣ್ಣ ಸವಲತ್ತು ಭಾಳ ಮಂದಿಗೆ ಗೊತ್ತಿಲ್ಲ. ಬಿಲ್ಲು ಬರೋ ತಾರೀಖನ್ನ ಬದಲಿ ಮಾಡಿಸಾಕ ಬರ್ತೈತಿ. ಕನಿಷ್ಠ ಒಂದು ಸಲ ಆ ಅವಕಾಶ ಕೊಡಬೇಕು ಅಂತ ಅದ 2022ರ ನಿಯಮದಾಗ ಐತಿ. ಅಂಗಡಿ ರೊಕ್ಕ, ಪಗಾರ ಬರೋದು ಒಂದು ತಾರೀಖಿಗೆ, ಬಿಲ್ಲು ಕಟ್ಟೋದು ಅದಕ್ಕಿಂತ ಐದು ದಿನ ಮೊದಲು ಅಂತಿದ್ರ ಪ್ರತಿ ತಿಂಗಳೂ ದಂಡ ಬೀಳ್ತೈತಿ. ನಾವು ಬದಲಿ ಮಾಡಿಸಿದ್ವಿ. ಮತ್ತ ಕಟ್ಟೋ ತಾರೀಖು ದಾಟಿ ಮೂರು ದಿನಕ್ಕಿಂತ ಹೆಚ್ಚು ಆದ್ರ ಮಾತ್ರ ತಡದ ದಂಡ ಹಾಕಬೇಕು. ಒಂದು ದಿನ ಹೆಚ್ಚು ಕಡಿಮಿ ಆತು ಅಂತ ಕೈಕಾಲು ಬಿಡಬ್ಯಾಡ್ರಿ, ಮೂರರೊಳಗ ಕಟ್ಟಿಬಿಡ್ರಿ.

ಹನ್ನೆರಡು ಕಂತು ಮುಗದ್ವು. ಒಂದೂ ತಪ್ಪಲಿಲ್ಲ. ಬಾಕಿ ಇಲ್ಲ ಅಂತ ಬ್ಯಾಂಕಿನಿಂದ ಪತ್ರ ತಗೊಂಡು ಕಾರ್ಡು ಮುಚ್ಚಿಸಿದ್ವಿ. ಬಾಕಿ ಇಲ್ಲದ ಕಾರ್ಡು ಮುಚ್ರಿ ಅಂತ ಕೇಳಿದ್ರ ಏಳು ಕೆಲಸದ ದಿನದಾಗ ಮುಚ್ಚಬೇಕು, ಇಲ್ಲಂದ್ರ ಬ್ಯಾಂಕ ನಮಗ ದಿನಕ್ಕ ₹500 ದಂಡ ಕೊಡಬೇಕು. ನಮ್ಮದು ನಾಲ್ಕನೇ ದಿನಕ್ಕ ಮುಚ್ಚಿತು. ಆಮ್ಯಾಲೆ ಸಿಬಿಲ್ ವರದಿ ತಗಸಿದ್ವಿ. ಪ್ರತಿ ಕಂಪನಿ ವರ್ಷಕ್ಕ ಒಂದು ಸಲ ಪುಕ್ಕಟೆ ಕೊಡಬೇಕು. ಅದರಾಗ ಎರಡು ತಿಂಗಳು ತಪ್ಪಿದ್ದು ಹಂಗ ಐತಿ. ಹಿಂದಿನ 36 ತಿಂಗಳ ನಡತಿ ಅದರಾಗ ಕಾಣ್ತೈತಿ. ಅದನ್ನ ಅಳಿಸಿ ಕೊಡ್ತೀವಿ ಅಂತ ರೊಕ್ಕ ಕೇಳವ್ರು ಅದಾರ, ನಂಬಬ್ಯಾಡ್ರಿ. ಖರೇ ಇದ್ದದ್ದನ್ನ ಯಾರೂ ಅಳಿಸಾಕ ಬರಂಗಿಲ್ಲ. ತಪ್ಪು ಬರದಿದ್ರ ಮಾತ್ರ ನಾವ ಅರ್ಜಿ ಹಾಕಿ ತಿದ್ದಿಸಬಹುದು.

ಮಗಳ ಶಿಕ್ಷಣ ಸಾಲಕ್ಕ ಹೋದಾಗ ಮ್ಯಾನೇಜರ್ ಆ ಎರಡು ತಿಂಗಳ ಮ್ಯಾಲೆ ಬೆರಳಿಟ್ಟು ಕೇಳಿದ್ರು. ಇವ್ರು ಉತ್ತರ ಹೇಳಾಕ ತಡವರಿಸಿದ್ರು. ನಾ ಚೀಲದಾಗಿನ ದವಾಖಾನಿ ಬಿಲ್ಲು, ಕಂತಿನ ಪತ್ರ, ಬಾಕಿ ಇಲ್ಲದ ಪತ್ರ ಮೂರೂ ಮೇಜಿನ ಮ್ಯಾಲೆ ಇಟ್ಟೆ. ಅವ್ರು ಒಂದೊಂದ ಓದಿ, "ಆಮ್ಯಾಲೆ ಒಂದೂ ತಪ್ಪಿಲ್ಲಲ್ಲ" ಅಂದ್ರು. ಸಾಲ ಮಂಜೂರಾತು. ಮಗಳು ಈಗ ಕಾಲೇಜಿಗೆ ಹೋಗಾಕತ್ತಾಳ.

ಬಂಗಾರ ಇನ್ನ ಬ್ಯಾಂಕಿನ್ಯಾಗ ಐತಿ. ಬಡ್ಡಿ ಕಟ್ಟಿ ನವೀಕರಣ ಮಾಡಿಸೀವಿ. ಕಾರ್ಡಿನ ಕಂತಿನ ರೊಕ್ಕ ಈಗ ಅದಕ್ಕ ಹೋಗ್ತೈತಿ. ಅತ್ತಿಯವ್ರು ಒಂದು ದಿನನೂ ಬೋರಮಾಳ ಕೇಳಿಲ್ಲ. ಹಬ್ಬದ ದಿನ ಕೊಳ್ಳಿಗೆ ಕೈ ಹೋಗ್ತೈತಿ, ಸುಮ್ಮನ ಸೆರಗು ಸರಿ ಮಾಡಿಕೊಂತಾರ. ಅದನ್ನ ನೋಡಿ ನಾ ಇನ್ನ ಹತ್ತು ರೊಟ್ಟಿ ಹೆಚ್ಚು ಬಡಿತೀನಿ.

ನಿಮ್ಮ ಮನ್ಯಾಗ ಕಾರ್ಡು ಇದ್ರ ಇವತ್ತು ರಾತ್ರಿ ಊಟ ಆದ ಮ್ಯಾಲೆ ಜಗಳ ಮಾಡದ, ಸಮಾಧಾನದಿಂದ ಕೇಳ್ರಿ. "ಬಿಲ್ಲು ತೋರಿಸ್ರಿ, ಪೂರ್ತಿ ಕಟ್ಟಾಕತ್ತೀರೋ ಮಿನಿಮಮ್ಮೋ?" ಅಂತ. ಮಿನಿಮಮ್ ಅಂದ್ರ ಮೊದಲು ಒಂದು ಹಾಳಿ, ಪೆನ್ನು ತಗೊಳ್ರಿ. ಲೆಕ್ಕ ತಿಳಿಯದಿದ್ರ ಬಿಲ್ಲು ಹಿಡಕೊಂಡು ನಮ್ಮ ಮನೀಗೆ ಬರ್ರಿ. ಮಧ್ಯಾಹ್ನ ಮೂರರ ಮ್ಯಾಲೆ ರೊಟ್ಟಿ ಕೆಲಸ ಮುಗದಿರ್ತೈತಿ. ಅಕ್ಷರ ಭಾಳ ಸಣ್ಣವು ಇರ್ತಾವ, ಚಷ್ಮಾ ಮರಿಬ್ಯಾಡ್ರಿ.